ಪುಡಿಹಿಮದಲ್ಲಿ ಸ್ನೋಮೊಬೈಲಿನ ಕ್ಲಚ್ ಅತಿಯಾಗಿ ಕಾಯುತ್ತಿದೆ: ಮನೆಯಲ್ಲೇ ಮಾಡಬಹುದಾದ ಮಾರ್ಪಾಡುಗಳ ಬಗ್ಗೆ ಸಲಹೆ ಬೇಕು

ಹಿಮಪಥಿಕ, ಹೋಟನ್, ಮಿಷಿಗನ್

ಎಲ್ಲರಿಗೂ ನಮಸ್ಕಾರ. ಏಳು ವರ್ಷಗಳಿಂದ ನಾನು ಮಿಷಿಗನ್ನಿನ ಉತ್ತರ ತುದಿಯ ಹೋಟನ್ನಿನಲ್ಲಿ ವಾಸವಾಗಿದ್ದೇನೆ. ಸುಪೀರಿಯರ್ ಸರೋವರದ ಮೇಲಿಂದ ಬರುವ ಗಾಳಿ ತನ್ನ ತೇವವನ್ನೆಲ್ಲ ಈ ಕೀವಿನಾ ಪರ್ಯಾಯ ದ್ವೀಪದ ಮೇಲೆ ಹಿಮವಾಗಿ ಸುರಿಯುತ್ತದೆ. 1978–79ರ ಚಳಿಗಾಲದಲ್ಲಿ ಇಲ್ಲಿ 390.4 ಅಂಗುಲ, ಅಂದರೆ ಸುಮಾರು ಹತ್ತು ಮೀಟರ್ ಹಿಮ ಬಿದ್ದ ದಾಖಲೆಯಿದೆ. ಇಂಥ ಕಡೆ ಸ್ನೋಮೊಬೈಲ್ ಇಲ್ಲದೆ ಚಳಿಗಾಲ ಕಳೆಯುವುದೆಂದರೆ ಮಲೆನಾಡಿನಲ್ಲಿ ಕೊಡೆಯಿಲ್ಲದೆ ಆಷಾಢ ಕಳೆದ ಹಾಗೆ.

ನನ್ನದು ಇನ್ನೊಬ್ಬರಿಂದ ಕೊಂಡ ಹಳೆಯ ಗಾಡಿ: 800 ಸಿಸಿಯ ಟೂ-ಸ್ಟ್ರೋಕ್ ಎಂಜಿನ್, ಸುಮಾರು 150 ಅಶ್ವಶಕ್ತಿ, 146 ಅಂಗುಲದ ಟ್ರ್ಯಾಕ್ (ಗಾಡಿಯನ್ನು ಹಿಮದ ಮೇಲೆ ಮುಂದಕ್ಕೆ ತಳ್ಳುವ ರಬ್ಬರ್ ಪಟ್ಟಿ). ಯಂತ್ರದಿಂದ ಒತ್ತಿ ಸಮ ಮಾಡಿದ ಹಾದಿಯಲ್ಲಿ ಗಂಟೆಗೆ 60–70 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಯಾವ ತೊಂದರೆಯೂ ಕಾಣುವುದಿಲ್ಲ. ಹಾದಿ ಬಿಟ್ಟು, ಮರಗಳ ನಡುವಿನ ಮೊಣಕಾಲುದ್ದದ ಪುಡಿಹಿಮಕ್ಕೆ ಇಳಿದು ಹದಿನೈದು ನಿಮಿಷ ಓಡಿಸಿದರೆ ಎಡಗಡೆಯಿಂದ ಸುಟ್ಟ ರಬ್ಬರಿನ ವಾಸನೆ ಬರುತ್ತದೆ. ಎಂಜಿನ್ನಿನ ಬಲವನ್ನು ಮುಂದಿನ ಕ್ಲಚ್‌ನಿಂದ ಹಿಂದಿನ ಕ್ಲಚ್‌ಗೆ ಒಯ್ಯುವ ಬೆಲ್ಟ್‌ಗಳು ಕಳೆದ ಜನವರಿಯಲ್ಲಿ ಎರಡು ಹರಿದವು. ಎರಡನೆಯದು ಹರಿದಾಗ ನಾನು ರಸ್ತೆಯಿಂದ ಆರು ಕಿಲೋಮೀಟರ್ ಒಳಗಿದ್ದೆ. ಕತ್ತಲಾಗುತ್ತಿತ್ತು, ಉಷ್ಣತೆ ಸೊನ್ನೆಗಿಂತ 17 ಡಿಗ್ರಿ ಕೆಳಗಿತ್ತು, ಜೊತೆಗೆ ಒಯ್ದಿದ್ದ ಹೆಚ್ಚುವರಿ ಬೆಲ್ಟನ್ನು ಬೆಳಿಗ್ಗೆಯೇ ಹಾಕಿಯಾಗಿತ್ತು. ಆ ರಾತ್ರಿ ನಡೆದು ಬಂದ ಮೇಲೆ ಇದನ್ನು ಸರಿಪಡಿಸದೆ ಮತ್ತೆ ಕಾಡಿಗೆ ಇಳಿಯಬಾರದೆಂದು ತೀರ್ಮಾನಿಸಿದ್ದೇನೆ.

ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಅಳೆದಾಗ, ಎಂಟು ಕಿಲೋಮೀಟರ್ ಪುಡಿಹಿಮದ ಓಟದ ನಂತರ ಬೆಲ್ಟ್ 118 ಡಿಗ್ರಿ ಸೆಲ್ಸಿಯಸ್, ಮುಂದಿನ ಕ್ಲಚ್ 71 ಡಿಗ್ರಿ, ಹಿಂದಿನ ಕ್ಲಚ್ 64 ಡಿಗ್ರಿ ತೋರಿಸಿತು. ನಾನು ಯೋಚಿಸಿರುವ ಮಾರ್ಪಾಡುಗಳು ಇವು: ಎಡಬದಿಯ ಪ್ಲಾಸ್ಟಿಕ್ ಪ್ಯಾನೆಲ್ಲಿನಲ್ಲಿ ರಂಧ್ರ ಕೊರೆದು ಜಾಲರಿ ಕೂಡಿಸುವುದು, ಬೆಲ್ಟಿನ ಮೇಲಿರುವ ರಕ್ಷಣಾ ಕವಚದಲ್ಲೂ ಹೋಲ್‌ಸಾದಿಂದ (ದೊಡ್ಡ ದುಂಡು ರಂಧ್ರ ಕೊರೆಯುವ ಗರಗಸ) ಹತ್ತಾರು ತೂತು ಮಾಡುವುದು, ಗಾಡಿಯ ಮೂಗಿನಿಂದ ಕ್ಲಚ್‌ವರೆಗೆ ಬಟ್ಟೆ ಒಣಗಿಸುವ ಯಂತ್ರದ ಅಲ್ಯೂಮಿನಿಯಂ ಕೊಳವೆಯೊಂದನ್ನು ಎಳೆಯುವುದು, ಸಾಧ್ಯವಾದರೆ ದೋಣಿಗಳಲ್ಲಿ ಬಳಸುವ 12 ವೋಲ್ಟಿನ ಬ್ಲೋವರ್ ಒಂದನ್ನು ಅದಕ್ಕೆ ಜೋಡಿಸುವುದು. ಇವುಗಳಲ್ಲಿ ಯಾವುದು ನಿಜಕ್ಕೂ ಫಲ ಕೊಡುತ್ತದೆ, ರಂಧ್ರಗಳನ್ನು ಎಲ್ಲಿ ಕೊರೆಯಬೇಕು, ಹಿಮ ಒಳಗೆ ಬಾರದಂತೆ ತಡೆಯುವುದು ಹೇಗೆ ಎಂಬುದನ್ನು ಅನುಭವಿಗಳು ದಯವಿಟ್ಟು ತಿಳಿಸಬೇಕು.

ಅಳತೆಪಟ್ಟಿ, ಡುಲೂತ್, ಮಿನ್ನೆಸೋಟ

ನಮಸ್ಕಾರ. ಮೊದಲಿಗೆ ಒಂದು ಕೋರಿಕೆ: ಬೆಲ್ಟಿನ ರಕ್ಷಣಾ ಕವಚಕ್ಕೆ ದಯವಿಟ್ಟು ಡ್ರಿಲ್ ತಾಗಿಸಬೇಡಿ. ಮುಂದಿನ ಕ್ಲಚ್‌ನ ವ್ಯಾಸ ಸುಮಾರು 20 ಸೆಂಟಿಮೀಟರ್ ಎಂದಿಟ್ಟುಕೊಂಡು, ಎಂಜಿನ್ ನಿಮಿಷಕ್ಕೆ 8,000 ಸುತ್ತು ತಿರುಗುತ್ತಿದೆಯೆಂದು ಲೆಕ್ಕ ಹಾಕಿದರೆ, ಅದರ ಅಂಚು ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆ ವೇಗದಲ್ಲಿ ಹರಿದ ಬೆಲ್ಟಿನ ತುಂಡು ನಿಮ್ಮ ಎಡಗಾಲಿಗೋ ಪೆಟ್ರೋಲಿನ ಕೊಳವೆಗೋ ಬಡಿಯದಂತೆ ತಡೆಯುವುದು ಆ ಕವಚ ಒಂದೇ. ಹೋಲ್‌ಸಾದಿಂದ ಹತ್ತಾರು ತೂತು ಮಾಡಿದ ಕವಚ ಆ ಏಟನ್ನು ತಡೆಯುತ್ತದೆಂದು ನಂಬಿ ಕೂರುವುದು ಸರಿಯಲ್ಲ.

ಎರಡನೆಯದು ನಿಮ್ಮ ಅಳತೆಯ ವಿಚಾರ. ಇನ್‌ಫ್ರಾರೆಡ್ ಥರ್ಮಾಮೀಟರ್ ಕಪ್ಪು ರಬ್ಬರಿನ ಉಷ್ಣತೆಯನ್ನು ಸರಿಯಾಗಿ ಹೇಳುತ್ತದೆ, ಆದರೆ ಹೊಳೆಯುವ ಅಲ್ಯೂಮಿನಿಯಂನ ಉಷ್ಣತೆಯನ್ನು ನಿಜಕ್ಕಿಂತ ಬಹಳ ಕಡಿಮೆ ತೋರಿಸುತ್ತದೆ, ಏಕೆಂದರೆ ಹೊಳಪಿನ ಲೋಹ ತನ್ನ ಶಾಖವನ್ನು ಕಿರಣವಾಗಿ ಹೊರಸೂಸುವುದು ಅತ್ಯಲ್ಪ. ಎರಡೂ ಕ್ಲಚ್‌ಗಳ ಹೊರಮುಖದಲ್ಲಿ, ಬೆಲ್ಟ್ ಮುಟ್ಟದ ಜಾಗದಲ್ಲಿ, ಶಾಖ ತಾಳಿಕೊಳ್ಳುವ ಕಪ್ಪು ಬಣ್ಣವನ್ನು ತೆಳುವಾಗಿ ಬಳಿದು ಒಣಗಿಸಿ, ಪ್ರತಿ ಸಲವೂ ಅಲ್ಲಿಗೇ ಗುರಿಯಿಟ್ಟು, ಗಾಡಿ ನಿಂತ ಅರ್ಧ ನಿಮಿಷದೊಳಗೆ ಅಳೆಯಿರಿ. ಎರಡರಲ್ಲಿ ಯಾವುದು ಹೆಚ್ಚು ಬಿಸಿ ಎಂಬುದು ಆಗಷ್ಟೇ ತಿಳಿಯುತ್ತದೆ, ಮತ್ತು ಬೆಲ್ಟ್ ಎಲ್ಲಿ ಜಾರುತ್ತಿದೆ ಎಂಬುದನ್ನು ಹೇಳುವುದೂ ಅದೇ. ಮುಂದಿನದು ಹೆಚ್ಚು ಬಿಸಿಯಾಗಿದ್ದರೆ ಅದರ ತೂಕ ಮತ್ತು ಸ್ಪ್ರಿಂಗ್ ಬೆಲ್ಟನ್ನು ಸಾಕಷ್ಟು ಅದುಮುತ್ತಿಲ್ಲ; ಹಿಂದಿನದು ಹೆಚ್ಚು ಬಿಸಿಯಾಗಿದ್ದರೆ ಅದರ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಹೀಲಿಕ್ಸ್ (ಹೊರೆ ಬಿದ್ದಾಗ ಹಿಂದಿನ ಕ್ಲಚ್ ಬೆಲ್ಟನ್ನು ಅದುಮುವಂತೆ ಮಾಡುವ ಓರೆ ಭಾಗ) ಸವೆದಿರಬಹುದು.

ಮೂರನೆಯದೇ ಮುಖ್ಯ. ನೀವು ಗಾಳಿಯ ಬಗ್ಗೆ ಕೇಳಿದ್ದೀರಿ, ಆದರೆ 118 ಡಿಗ್ರಿ ಎಂಬ ಅಂಕಿ ನನಗೆ ಗಾಳಿಯ ಕೊರತೆಗಿಂತ ಹೆಚ್ಚಾಗಿ ಬೆಲ್ಟಿನ ಜಾರಾಟವನ್ನು ಸೂಚಿಸುತ್ತದೆ. ನಾವೆಲ್ಲ ಬೆಲ್ಟನ್ನು 80–90 ಡಿಗ್ರಿಯ ಆಸುಪಾಸಿನಲ್ಲಿ ಇಡಲು ನೋಡುತ್ತೇವೆ. 100 ದಾಟಿದ ಮೇಲೆ ರಬ್ಬರಿನ ಆಯಸ್ಸು ಬೇಗ ಬೇಗ ಕರಗುತ್ತದೆ. ಪ್ಯಾನೆಲ್ ಕೊರೆಯುವ ಮೊದಲು ಎಂಜಿನ್ನನ್ನು ಗಾಡಿಯ ಚೌಕಟ್ಟಿಗೆ ಹಿಡಿದಿಡುವ ರಬ್ಬರ್ ಮೌಂಟ್‌ಗಳನ್ನು ಟಾರ್ಚ್ ಹಿಡಿದು ನೋಡಿ. ಒಂದು ಮೌಂಟ್ ಹರಿದಿದ್ದರೂ ಆಕ್ಸಿಲರೇಟರ್ ಒತ್ತಿದಾಗ ಬೆಲ್ಟಿನ ಎಳೆತಕ್ಕೆ ಎಂಜಿನ್ ಹಿಂದಕ್ಕೆ ವಾಲುತ್ತದೆ, ಎರಡು ಕ್ಲಚ್‌ಗಳ ನಡುವಿನ ಅಂತರ ಕಡಿಮೆಯಾಗುತ್ತದೆ, ನೇರ ತಪ್ಪುತ್ತದೆ, ಬೆಲ್ಟ್ ಓರೆಯಾಗಿ ಉಜ್ಜುತ್ತಾ ಓಡುತ್ತದೆ. ನಿಂತ ಗಾಡಿಯಲ್ಲಿ ಅಳೆದಾಗ ಮಾತ್ರ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಿಮ್ಮ ಮಾದರಿಗೆ ಸಿಗುವ ಅಳತೆಯ ಪಟ್ಟಿಯಿಂದ ಎರಡೂ ಕ್ಲಚ್‌ಗಳ ನೇರವನ್ನು ಪರೀಕ್ಷಿಸಿ. ಬೆಲ್ಟಿನ ಮೇಲ್ಮೈ ಹಿಂದಿನ ಕ್ಲಚ್‌ನ ಅಂಚಿಗೆ ಸಮನಾಗಿ, ಅಥವಾ ಒಂದೆರಡು ಮಿಲಿಮೀಟರ್ ಮೇಲಕ್ಕೆ ಕೂತಿದೆಯೇ ನೋಡಿ. ಒಳಕ್ಕೆ ಇಳಿದಿದ್ದರೆ ಬೆಲ್ಟ್ ಸಡಿಲವಾಗಿದೆ, ಹೊರಡುವಾಗಲೆಲ್ಲ ಜಾರುತ್ತದೆ. ಕ್ಲಚ್‌ನ ಮುಖಗಳನ್ನು ಒರಟು ನಾರಿನ ಪ್ಯಾಡಿನಿಂದ ಹಗುರವಾಗಿ ಉಜ್ಜಿ, ಅಸಿಟೋನಿನಲ್ಲಿ ಒರಸಿ. ಹೊಸ ಬೆಲ್ಟನ್ನು ಬೆಚ್ಚಗಿನ ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ ಹಾಕಿ. ಮೊದಲ 50–80 ಕಿಲೋಮೀಟರ್ ಪೂರ್ತಿ ಆಕ್ಸಿಲರೇಟರ್ ಒತ್ತದೆ ಓಡಿಸಿ. ಇವೆಲ್ಲ ಆದ ಮೇಲೂ ಬಿಸಿ ಉಳಿದರೆ ಆಗ ಗಾಳಿಯ ಮಾತಾಡೋಣ.

ಶಿವಮೊಗ್ಗದ ಗ್ಯಾರೇಜು, ಸಡ್‌ಬರಿ, ಒಂಟೇರಿಯೊ

ಇಬ್ಬರಿಗೂ ನಮಸ್ಕಾರ. ನಾನು ಮೂವತ್ತು ವರ್ಷ ಶಿವಮೊಗ್ಗದಲ್ಲಿ ಸ್ಕೂಟರ್ ರಿಪೇರಿ ಮಾಡಿದವನು. ಈಗ ಸಡ್‌ಬರಿಯಲ್ಲಿ ಮಗಳ ಮನೆಯಲ್ಲಿದ್ದೇನೆ, ಅಳಿಯನ ಸ್ನೋಮೊಬೈಲ್ ನೋಡಿಕೊಳ್ಳುವ ಕೆಲಸ ಪ್ರೀತಿಯಿಂದಲೇ ನನ್ನ ಪಾಲಿಗೆ ಬಂದಿದೆ. ಅಳತೆಪಟ್ಟಿಯವರು ಹೇಳಿದ್ದು ಅಕ್ಷರಶಃ ಸರಿ, ಅದನ್ನೇ ಮೊದಲು ಮಾಡಿ. ಗಾಳಿಯ ದಾರಿಯ ಬಗ್ಗೆ ಮಾತ್ರ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಅಳಿಯನ ಗಾಡಿಯ ಎಡ ಪ್ಯಾನೆಲ್ಲನ್ನು ಮೊದಲ ಸಲ ತೆಗೆದಾಗ ನನಗೆ ಅಪರಿಚಿತವೆನಿಸಿದ್ದು ಯಾವುದೂ ಇರಲಿಲ್ಲ. 1984ರಲ್ಲಿ ಕೈನೆಟಿಕ್ ಹೋಂಡಾ ನಮ್ಮಲ್ಲಿಗೆ ಬಂದಾಗಲೇ ಗೇರ್ ಇಲ್ಲದೆ, ಅಗಲ ಕಿರಿದಾಗುವ ಎರಡು ಪುಲ್ಲಿಗಳ ನಡುವೆ ಬೆಲ್ಟ್ ಓಡಿಸುವ ಈ ವ್ಯವಸ್ಥೆಯನ್ನು ಬಿಚ್ಚಿ ಕಲಿತಿದ್ದೆವು. ಇಂದಿನ ಆಕ್ಟಿವಾದಲ್ಲೂ ಇರುವುದು ಅದೇ. ಆ ಸ್ಕೂಟರಿನ ಮುಂದಿನ ಪುಲ್ಲಿಯ ಹೊರಮುಖವನ್ನು ನೋಡಿದವರಿಗೆ ಗೊತ್ತು, ಅದರ ಮೇಲೆ ಫ್ಯಾನಿನಂತೆ ರೆಕ್ಕೆಗಳಿವೆ. ತಿರುಗುವ ಪುಲ್ಲಿ ಯಾವಾಗಲೂ ತನ್ನ ನಡುವಿನಿಂದ ಗಾಳಿಯನ್ನು ಎಳೆದುಕೊಂಡು ಅಂಚಿನಿಂದ ಹೊರಕ್ಕೆ ಎಸೆಯುತ್ತದೆ. ರೆಕ್ಕೆಯಿಲ್ಲದ ಪುಲ್ಲಿಯೂ ಸ್ವಲ್ಪ ಮಟ್ಟಿಗೆ ಇದನ್ನೇ ಮಾಡುತ್ತದೆ. ಆದ್ದರಿಂದ ತಂಪು ಗಾಳಿ ಕ್ಲಚ್‌ನ ನಡುಭಾಗದ ಎದುರಿಗೆ ಬರಬೇಕು, ಬಿಸಿ ಗಾಳಿ ಹೊರಹೋಗುವ ದಾರಿ ಅಂಚಿನ ಹತ್ತಿರ, ಹಿಂದೆ ಮತ್ತು ಕೆಳಗೆ ಇರಬೇಕು. ಪುಲ್ಲಿಯ ಅಂಚಿನ ಎದುರಿಗೇ ಗಾಳಿಯ ಬಾಯಿ ಇಟ್ಟರೆ ಹೊರಬರುವ ಗಾಳಿ ಒಳಬರುವ ಗಾಳಿಯನ್ನು ತಳ್ಳಿ ಹಿಂದಕ್ಕೆ ಕಳಿಸುತ್ತದೆ.

ಜನ ತಪ್ಪುವುದು ಹೊರದಾರಿಯ ವಿಷಯದಲ್ಲಿ. ಗಾಳಿ ಬರಲೆಂದು ಮೂರು ರಂಧ್ರ ಕೊರೆಯುತ್ತಾರೆ, ಹೋಗಲು ಒಂದನ್ನೂ ಬಿಡುವುದಿಲ್ಲ. ಕಿಟಕಿಯಿಲ್ಲದ ಅಡುಗೆಮನೆಯ ಬಾಗಿಲೊಂದನ್ನೇ ತೆರೆದಿಟ್ಟರೆ ಹೊಗೆ ಹೋಗುತ್ತದೆಯೇ? ನನ್ನ ಗ್ಯಾರೇಜಿಗೆ ಬೆಲ್ಟ್ ಸುಟ್ಟುಕೊಂಡು ಬಂದ ಎಷ್ಟೋ ಸ್ಕೂಟರುಗಳಲ್ಲಿ ಬೆಲ್ಟ್ ಪೆಟ್ಟಿಗೆಯ ಗಾಳಿಯ ದಾರಿ ಧೂಳಿನಿಂದ ಕಟ್ಟಿಕೊಂಡಿರುತ್ತಿತ್ತು. ಅದನ್ನು ಬಿಡಿಸಿದ ಮೇಲೆ ಹೊಸ ಬೆಲ್ಟ್ ಬಾಳುತ್ತಿತ್ತು. ನಿಮ್ಮ ಗಾಡಿಯಲ್ಲೂ ಮೊದಲು ಕಾರ್ಖಾನೆಯವರೇ ಕೊಟ್ಟ ಕಿಂಡಿಗಳನ್ನು ಹುಡುಕಿ. ಅನೇಕ ಗಾಡಿಗಳಲ್ಲಿ ಸದ್ದು ತಗ್ಗಿಸಲೆಂದು ಅವುಗಳ ಹಿಂದೆ ದಪ್ಪ ಸ್ಪಂಜು ಅಂಟಿಸಿರುತ್ತಾರೆ, ಅದು ಎಣ್ಣೆ ಮತ್ತು ರಬ್ಬರಿನ ಪುಡಿ ಕುಡಿದು ಗೋಡೆಯಂತಾಗಿರುತ್ತದೆ. ಹೊರದಾರಿಯ ಒಟ್ಟು ವಿಸ್ತಾರ ಒಳದಾರಿಗಿಂತ ಕಡಿಮೆಯಿರಬಾರದು, ಸ್ವಲ್ಪ ಹೆಚ್ಚೇ ಇರಲಿ. ಜಾಲರಿಯು ರಂಧ್ರದ ಒಂದಷ್ಟು ಪಾಲನ್ನು ಮುಚ್ಚುತ್ತದೆಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಕೊರೆಯುವ ಕೆಲಸವನ್ನು ಚಳಿಯಲ್ಲಿ ಮಾಡಬೇಡಿ. ಪ್ಯಾನೆಲ್ಲನ್ನು ರಾತ್ರಿಯೇ ಮನೆಯೊಳಗೆ ತಂದಿಡಿ, ಏಕೆಂದರೆ ಹೆಪ್ಪುಗಟ್ಟುವ ಚಳಿಯಲ್ಲಿ ಆ ಪ್ಲಾಸ್ಟಿಕ್ ಹಪ್ಪಳದಂತೆ ಸೀಳುತ್ತದೆ. ರಟ್ಟಿನಲ್ಲಿ ನಮೂನೆ ಕತ್ತರಿಸಿ, ಕ್ಲಚ್‌ನ ನಡುಭಾಗ ಎಲ್ಲಿ ಬರುತ್ತದೆಂದು ಗುರುತು ಹಾಕಿಕೊಂಡ ನಂತರವೇ ಡ್ರಿಲ್ ಹಿಡಿಯಿರಿ. ರಂಧ್ರಗಳು ದುಂಡಗಿರಲಿ, ಚೌಕ ಕತ್ತರಿಸಿದರೆ ಮೂಲೆಯಿಂದ ಬಿರುಕು ಹೊರಡುತ್ತದೆ. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ. ಜಾಲರಿಯನ್ನು ಒಳಗಿನಿಂದ ವಾಷರ್ ಕೊಟ್ಟು ರಿವೆಟ್ ಹೊಡೆಯಿರಿ. ಒಳಗೆ ಏನನ್ನೇ ಕಟ್ಟಿದರೂ ಅದು ಒಂದು ದಿನ ಕಳಚಿದರೆ ಎಲ್ಲಿಗೆ ಬೀಳುತ್ತದೆ ಎಂದು ಯೋಚಿಸಿ ಕಟ್ಟಿ. ಅದೇ ಕಾರಣಕ್ಕೆ ಬಟ್ಟೆ ಒಣಗಿಸುವ ಯಂತ್ರದ ತೆಳು ಅಲ್ಯೂಮಿನಿಯಂ ಕೊಳವೆ ಬೇಡ. ಎಂಜಿನ್ನಿನ ನಡುಕಕ್ಕೆ ಅದು ಒಂದೇ ಚಳಿಗಾಲದಲ್ಲಿ ಹರಿದು ಚೂರಾಗಿ ಕ್ಲಚ್‌ಗೆ ಸಿಕ್ಕಿಕೊಳ್ಳುತ್ತದೆ. ಒಳಗೆ ತಂತಿಯ ಸುರುಳಿ ಇರುವ ರಬ್ಬರ್ ಕೊಳವೆ ತನ್ನಿ, ಲೋಹದ ಕ್ಲಿಪ್ಪಿನಲ್ಲಿ ಬಿಗಿಯಿರಿ, ಅದರ ಬಾಯಿ ಕ್ಲಚ್‌ನಿಂದ ಕನಿಷ್ಠ ಐದು ಸೆಂಟಿಮೀಟರ್ ದೂರದಲ್ಲಿರಲಿ.

ಬೆಟ್ಟದ ಹಾದಿ, ಕ್ಯಾಲ್ಗರಿ, ಆಲ್ಬರ್ಟಾ

ಕಟ್ಟಡಗಳಿಗೆ ಗಾಳಿ ಹಾಯಿಸುವ ವ್ಯವಸ್ಥೆಯನ್ನು ವಿನ್ಯಾಸ ಮಾಡುವುದು ನನ್ನ ವೃತ್ತಿ. ಚಳಿಗಾಲದಲ್ಲಿ ಪಕ್ಕದ ಬ್ರಿಟಿಷ್ ಕೊಲಂಬಿಯಾದ ರೆವೆಲ್‌ಸ್ಟೋಕ್ ಬೆಟ್ಟಗಳಿಗೆ ಹೋಗುತ್ತೇನೆ. ಬ್ಲೋವರ್ ಬಗ್ಗೆ ನೀವು ಕೇಳಿರುವುದರಿಂದ ಅದರ ಲೆಕ್ಕವನ್ನು ಇಲ್ಲಿ ಬಿಡಿಸಿಡುತ್ತೇನೆ.

ಪುಡಿಹಿಮದಲ್ಲಿ ನಿಮ್ಮ ಎಂಜಿನ್ ಸರಾಸರಿ 60 ಅಶ್ವಶಕ್ತಿ ಕೊಡುತ್ತಿದೆ ಎಂದುಕೊಳ್ಳೋಣ, ಅದು ಸುಮಾರು 45 ಕಿಲೋವ್ಯಾಟ್. ಅದರಲ್ಲಿ ನೂರಕ್ಕೆ ಹತ್ತು ಪಾಲು ಬೆಲ್ಟ್ ಮತ್ತು ಕ್ಲಚ್‌ಗಳಲ್ಲಿ ಶಾಖವಾಗಿ ಕಳೆದುಹೋದರೆ, 4.5 ಕಿಲೋವ್ಯಾಟ್, ಅಂದರೆ ತಲಾ ಒಂದು ಕಿಲೋವ್ಯಾಟಿನ ನಾಲ್ಕೂವರೆ ರೂಮ್ ಹೀಟರ್‌ಗಳನ್ನು ಆ ಸಣ್ಣ ಗೂಡಿನಲ್ಲಿ ಉರಿಸಿದಂತೆ. ಹಾದುಹೋಗುವ ಗಾಳಿ 40 ಡಿಗ್ರಿ ಬಿಸಿಯಾಗಿ ಹೊರಬೀಳುತ್ತದೆಂದು ಹಿಡಿದರೂ ಅಷ್ಟು ಶಾಖವನ್ನು ಒಯ್ಯಲು ಸೆಕೆಂಡಿಗೆ ಸುಮಾರು 84 ಲೀಟರ್ ಗಾಳಿ ಬೇಕು. ಮೂರು ಅಂಗುಲದ ದೋಣಿ ಬ್ಲೋವರ್ ಕೊಡುವುದು ನಿಮಿಷಕ್ಕೆ ಸುಮಾರು 130 ಘನ ಅಡಿ, ಸೆಕೆಂಡಿಗೆ 60 ಲೀಟರಿನಷ್ಟು; ಅದೂ ಕೊಳವೆ, ತಿರುವು, ಜಾಲರಿ ಯಾವುದೂ ಅಡ್ಡವಿಲ್ಲದಾಗ. ಇವೆಲ್ಲ ಸೇರಿದರೆ ಅದರ ಅರ್ಧ ಸಿಕ್ಕರೆ ನಾನು ತೃಪ್ತನಾಗುತ್ತೇನೆ. ಜಾರಾಟವನ್ನು ತಡೆದು ನೂರಕ್ಕೆ ಹತ್ತನ್ನು ಏಳಕ್ಕೆ ಇಳಿಸಿದರೆ 1.35 ಕಿಲೋವ್ಯಾಟ್ ಶಾಖ ಹುಟ್ಟುವುದೇ ಇಲ್ಲ. ಆ ಬ್ಲೋವರ್ ಹೊರಹಾಕಬಲ್ಲ ಶಾಖವೂ ಹೆಚ್ಚುಕಡಿಮೆ ಅಷ್ಟೇ.

ಹಾಗೆಂದು ಬ್ಲೋವರ್ ನಿಷ್ಪ್ರಯೋಜಕವೆಂದು ನಾನು ಹೇಳುವುದಿಲ್ಲ. ನಾಲ್ಕು ವರ್ಷಗಳಿಂದ ನನ್ನ ಗಾಡಿಯಲ್ಲಿ ಒಂದಿದೆ. ಮರಗಳ ನಡುವೆ ತೆವಳುವಾಗ ಗಾಡಿಯ ವೇಗದಿಂದ ಬರುವ ಗಾಳಿ ಇರುವುದಿಲ್ಲ, ಹಿಂದಿನ ಕ್ಲಚ್ ನಿಧಾನವಾಗಿ ತಿರುಗುವುದರಿಂದ ಅದು ತಾನಾಗಿ ಎಳೆದುಕೊಳ್ಳುವ ಗಾಳಿಯೂ ಕಡಿಮೆ, ಆದರೆ ಹೊರೆ ಮಾತ್ರ ಪೂರ್ತಿ. ಅಂಥ ಹೊತ್ತಿನಲ್ಲಿ ಮತ್ತು ಏರು ಹತ್ತಿ ನಿಂತ ಐದು ನಿಮಿಷಗಳಲ್ಲಿ ಅದು ಉಪಕಾರ ಮಾಡುತ್ತದೆ. ಜೋಡಿಸುವುದಾದರೆ ನಿಮ್ಮ ಗಾಡಿಯಲ್ಲಿ ಬ್ಯಾಟರಿ ಇದೆಯೇ ನೋಡಿ. ಬ್ಲೋವರ್ 3ರಿಂದ 5 ಆಂಪಿಯರ್ ಎಳೆಯುತ್ತದೆ. ಹಿಡಿಕೆ ಮತ್ತು ಹೆಬ್ಬೆರಳಿನ ಹೀಟರ್‌ಗಳು, ದೀಪ ಎಲ್ಲ ಸೇರಿದ ಮೇಲೆ ಎಂಜಿನ್ನಿನ ಸ್ಟೇಟರ್‌ನಲ್ಲಿ (ವಿದ್ಯುತ್ ಹುಟ್ಟಿಸುವ ಭಾಗ) ಎಷ್ಟು ಉಳಿದಿದೆ ಎಂಬುದನ್ನು ತಿಳಿಯದೆ ತಂತಿ ಎಳೆಯಬೇಡಿ. ರಿಲೇ ಮತ್ತು ಫ್ಯೂಸ್ ತಪ್ಪದೆ ಹಾಕಿ.

ಯಾರೂ ಹೇಳದ ಎರಡು ವಿಷಯಗಳಿವೆ. ಒಂದು, ಹಿಂದಿನ ಕ್ಲಚ್‌ನಿಂದ ಟ್ರ್ಯಾಕಿಗೆ ಬಲ ಒಯ್ಯುವ ಚೈನ್ ಪೆಟ್ಟಿಗೆಯ ಮೇಲಿನ ಹಲ್ಲುಚಕ್ರವನ್ನು ಎರಡು ಹಲ್ಲು ಕಡಿಮೆಯಿರುವುದಕ್ಕೆ ಬದಲಿಸಿದರೆ ಪುಡಿಹಿಮದಲ್ಲಿ ಬೆಲ್ಟಿನ ಮೇಲಿನ ಹೊರೆ ಇಳಿಯುತ್ತದೆ. ಗರಿಷ್ಠ ವೇಗದಲ್ಲಿ ಸ್ವಲ್ಪ ಕಳೆದುಕೊಳ್ಳುತ್ತೀರಿ, ಕಾಡಿನಲ್ಲಿ ಆ ವೇಗ ನಿಮಗೆ ಬೇಕಾಗಿಲ್ಲ. ಇನ್ನೊಂದು, ಕೈಯ ಅಭ್ಯಾಸ. ಕ್ಲಚ್ ಹಿಡಿಯುವ ಹಂತದಲ್ಲೇ, ನಿಮಿಷಕ್ಕೆ 3,500–4,000 ಸುತ್ತಿನ ಆಸುಪಾಸಿನಲ್ಲಿ, ಆಕ್ಸಿಲರೇಟರನ್ನು ಒತ್ತಿ ಬಿಟ್ಟು ಮಾಡುತ್ತಾ ತೆವಳುವವರ ಬೆಲ್ಟ್ ಎಷ್ಟು ಗಾಳಿ ಕೊಟ್ಟರೂ ಸುಡುತ್ತದೆ. ಹೂತುಹೋದ ಗಾಡಿಯನ್ನು ಎಂಜಿನ್ನಿನ ಬಲದಿಂದ ಎಬ್ಬಿಸಲು ಹೋಗದೆ, ಸಲಿಕೆಯಿಂದ ಟ್ರ್ಯಾಕಿನ ಮುಂದಿನ ಹಿಮ ತೆಗೆದು ತುಳಿದು ದಾರಿ ಮಾಡಿಕೊಂಡು ಹೊರಡಿ. ನನ್ನ ಮೊದಲ ಎರಡು ಬೆಲ್ಟ್‌ಗಳು ಹೋದದ್ದು ಹೀಗೆ ಹೂತ ಜಾಗದಲ್ಲೇ.

ಹಿಮಪಥಿಕ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮುಂದಿನ ಎಡ ಮೌಂಟಿನ ರಬ್ಬರ್ ಲೋಹದಿಂದ ಬಿಟ್ಟುಕೊಂಡಿರುವುದು ನಿನ್ನೆ ಕಣ್ಣಿಗೆ ಬಿತ್ತು, ಹೊಸದನ್ನು ತರಿಸಿದ್ದೇನೆ. ಹಿರಿಯರಲ್ಲಿ ಒಂದು ಪ್ರಶ್ನೆ: ಒಳಬರುವ ಗಾಳಿಯ ಜೊತೆ ಹಿಮದ ಪುಡಿಯೂ ಬಂದು, ಕರಗಿ, ಬೆಲ್ಟ್ ಒದ್ದೆಯಾದರೆ ಮತ್ತೆ ಜಾರುವುದಿಲ್ಲವೇ?

ಶಿವಮೊಗ್ಗದ ಗ್ಯಾರೇಜು

ಖಂಡಿತ ಜಾರುತ್ತದೆ, ಅದಕ್ಕಾಗಿಯೇ ಮೂಗಿನಿಂದ ಗಾಳಿ ತೆಗೆದುಕೊಳ್ಳಬೇಡಿ. ಪುಡಿಹಿಮದಲ್ಲಿ ಸ್ಕೀಗಳು ಎಬ್ಬಿಸುವ ಹಿಮವೆಲ್ಲ ಮೊದಲು ಬಡಿಯುವುದು ಅಲ್ಲಿಗೆ. ಗಾಳಿಯ ಬಾಯಿಯನ್ನು ಆದಷ್ಟು ಎತ್ತರದಲ್ಲಿ, ಗಾಜಿನ ಬುಡದ ಹತ್ತಿರ ಇಡಿ. ನೀರು ಹಿಡಿಯದ ಸಣ್ಣ ಕಣ್ಣಿನ ಜಾಲರಿ ಹಾಕಿ. ಅದರ ಮೇಲೆ ಕೂತ ಹಿಮ ಗಾಡಿಯ ನಡುಕಕ್ಕೆ ಉದುರುತ್ತದೆ. ಅಲ್ಲಿಂದ ಕೊಳವೆಯನ್ನು ನೇರವಾಗಿ ಕ್ಲಚ್‌ಗೆ ಇಳಿಸದೆ, ಒಮ್ಮೆ ಕೆಳಕ್ಕೆ ಬಾಗಿಸಿ ಮತ್ತೆ ಮೇಲಕ್ಕೆ ತನ್ನಿ, ಬಾಗಿದ ತಳದಲ್ಲಿ ಪೆನ್ಸಿಲ್ ದಪ್ಪದ ತೂತು ಮಾಡಿ. ಭಾರವಾದ ಹಿಮ ಮತ್ತು ನೀರು ಅಲ್ಲಿಯೇ ನಿಂತು ಸೋರಿಹೋಗುತ್ತವೆ, ಗಾಳಿ ಮಾತ್ರ ಮುಂದೆ ಹೋಗುತ್ತದೆ. ರಾತ್ರಿ ಗಾಡಿ ನಿಲ್ಲಿಸುವಾಗ ಆ ತೂತು ಮಂಜುಗಟ್ಟಿ ಮುಚ್ಚಿಲ್ಲವೇ ಎಂದು ತಂತಿ ಹಾಕಿ ನೋಡುವುದು ಒಳ್ಳೆಯದು.

ಹಿಮಪಥಿಕ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲ ಅಳತೆಗಳೂ ಅದೇ ಎಂಟು ಕಿಲೋಮೀಟರ್ ಕಾಡಿನ ಹಾದಿಯಲ್ಲಿ, ಸೊನ್ನೆಗಿಂತ 8ರಿಂದ 12 ಡಿಗ್ರಿ ಕೆಳಗಿನ ಚಳಿಯಲ್ಲಿ, ನಿಂತ ಅರ್ಧ ನಿಮಿಷದೊಳಗೆ ತೆಗೆದವು.

ಕಪ್ಪು ಬಣ್ಣ ಬಳಿದ ಮೇಲೆ, ಬೇರೇನೂ ಬದಲಿಸದೆ ಅಳೆದಾಗ ಬೆಲ್ಟ್ 116, ಮುಂದಿನ ಕ್ಲಚ್ 93, ಹಿಂದಿನದು 104 ಡಿಗ್ರಿ ತೋರಿಸಿದವು. ಹಿಂದಿನದೇ ಹೆಚ್ಚು ಬಿಸಿ ಎಂದು ತಿಳಿದದ್ದು ಆಗಲೇ. ಬಿಚ್ಚಿ ನೋಡಿದರೆ ಹೀಲಿಕ್ಸ್ ಮೇಲೆ ಜಾರುವ ಗುಂಡಿಗಳು ಒಂದು ಬದಿಗೆ ಸವೆದಿದ್ದವು, ಸ್ಪ್ರಿಂಗ್ ಹೊಸದಕ್ಕಿಂತ ಗಿಡ್ಡವಾಗಿತ್ತು. ಮೌಂಟ್, ಗುಂಡಿಗಳು, ಸ್ಪ್ರಿಂಗ್ ಬದಲಿಸಿ, ನೇರ ಹೊಂದಿಸಿ, ಮುಖಗಳನ್ನು ಉಜ್ಜಿ, ತೊಳೆದ ಹೊಸ ಬೆಲ್ಟ್ ಹಾಕಿ ಹದವಾಗಿ ಪಳಗಿಸಿದ ಮೇಲೆ ಬೆಲ್ಟಿನ ಉಷ್ಣತೆ 97ಕ್ಕೆ ಇಳಿಯಿತು. ಆವರೆಗೆ ಪ್ಯಾನೆಲ್ಲಿಗೆ ಒಂದು ರಂಧ್ರವನ್ನೂ ಕೊರೆದಿರಲಿಲ್ಲ.

ನಂತರ ಕಾರ್ಖಾನೆಯ ಕಿಂಡಿಗಳ ಹಿಂದಿನ ಸ್ಪಂಜು ತೆಗೆದೆ; ಎಣ್ಣೆ ಕುಡಿದು ಕಲ್ಲಿನಂತಾಗಿತ್ತು. ಗಾಜಿನ ಬುಡದಿಂದ 10 ಸೆಂಟಿಮೀಟರ್ ವ್ಯಾಸದ ಒಂದು ಕೊಳವೆ ಇಳಿಸಿದೆ, ಹಿಂದೆ ಕೆಳಗಡೆ ಅಷ್ಟೇ ವ್ಯಾಸದ ಎರಡು ರಂಧ್ರ ಕೊರೆದು ಜಾಲರಿ ಕೂಡಿಸಿದೆ. ಬೆಲ್ಟ್ ಈಗ 86 ಡಿಗ್ರಿಯಲ್ಲಿದೆ. ರಂಧ್ರಗಳಲ್ಲಿ ಒಂದು ಟ್ರ್ಯಾಕಿಗೆ ತೀರ ಹತ್ತಿರವಾದುದರಿಂದ ಮೊದಲ ದಿನ ಅಲ್ಲಿಂದ ಹಿಮ ಒಳಗೆ ಎರಚಿತು. ಅದರ ಹೊರಗೆ ಹಿಂದಕ್ಕೆ ಬಾಯಿ ತೆರೆದ ಸಣ್ಣ ಪ್ಲಾಸ್ಟಿಕ್ ಮರೆ ಕಟ್ಟಿದ ನಂತರ ಒಳಗೆ ಒಣಗಿದೆ. ಸದ್ದು ಸ್ವಲ್ಪ ಹೆಚ್ಚಾಗಿದೆ. ಕವಚ ಹಾಗೆಯೇ ಇದೆ, ಬ್ಲೋವರ್ ಕೊಂಡಿಲ್ಲ. ಒಂದೇ ಬೆಲ್ಟಿನಲ್ಲಿ 540 ಕಿಲೋಮೀಟರ್ ಆಗಿದೆ. ಹೆಚ್ಚುವರಿ ಬೆಲ್ಟ್‌ಗಳನ್ನು ಮಾತ್ರ ಎರಡು ಒಯ್ಯುತ್ತಿದ್ದೇನೆ.

ಅಳತೆಪಟ್ಟಿ

ಬಹಳ ಸಂತೋಷವಾಯಿತು. ಹೊಸ ರಬ್ಬರ್ ಮೌಂಟ್ ಮೊದಲ ಕೆಲವು ನೂರು ಕಿಲೋಮೀಟರಿನಲ್ಲಿ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ನೇರವನ್ನು ಈ ವಾರವೇ ಇನ್ನೊಮ್ಮೆ ಪಟ್ಟಿ ಹಿಡಿದು ನೋಡಿ. ಮೌಂಟಿನ ಬೋಲ್ಟ್‌ಗಳನ್ನೂ ಟಾರ್ಕ್ ವ್ರೆಂಚಿನಿಂದ ಮತ್ತೆ ಬಿಗಿ ಮಾಡಿ.